ಆಫೀಸಿನಲ್ಲಿ ನನಗೆ ಬೇರೊಬ್ಬ ಮಗಳಿದ್ದಳು

ಶಿವಾಜಿನಗರದ ನಮ್ಮ ಆಫೀಸಿನವರಿಗೆ ಗೊತ್ತಿದ್ದ ನನ್ನ ಮಗಳು ಎರಡನೇ ಕ್ಲಾಸಿನಲ್ಲಿ ಓದುತ್ತಿದ್ದಳು. ಲೆಕ್ಕದಲ್ಲಿ ಚುರುಕು. ಶನಿವಾರ ಭರತನಾಟ್ಯದ ಕ್ಲಾಸು. ಹಾಗಲಕಾಯಿ ಕಂಡರೆ ಮುಖ ಸಿಂಡರಿಸುತ್ತಿದ್ದಳು. ಇವಳನ್ನು ನಾನು ಒಂದೇ ದಿನದಲ್ಲಿ ಹುಟ್ಟಿಸಲಿಲ್ಲ. ಮಧ್ಯಾಹ್ನ ಡಬ್ಬಿ ಬಿಚ್ಚಿ ಕೂತಾಗ ಎಲ್ಲರೂ ತಂತಮ್ಮ ಮಕ್ಕಳ ವಿಷಯ ತೆಗೆಯುತ್ತಿದ್ದರು. ನಿಮ್ಮ ಮಗಳು ಯಾವ ಕ್ಲಾಸು ಎಂದು ಯಾರೋ ಒಮ್ಮೆ ಕೇಳಿದರು. ಯುಕೆಜಿ ಎಂದೆ. ಆಮೇಲೆ ವರ್ಷ ಕಳೆದಂತೆ ಅವಳನ್ನು ಪಾಸು ಮಾಡಿಸಬೇಕಾಯಿತು, ಯಾವುದಾದರೂ ಕ್ಲಾಸಿಗೆ ಸೇರಿಸಬೇಕಾಯಿತು. ನಾಲಿಗೆ ಎಲ್ಲೂ ತಡವರಿಸುತ್ತಿರಲಿಲ್ಲ.

ಮನೆಯಲ್ಲಿದ್ದ ನಿಜವಾದ ಮಗಳಿಗೂ ಆಗ ಎಂಟು ವರ್ಷವೇ. ಮೂರು ತುಂಬುವ ಹೊತ್ತಿಗೆ ಡಾಕ್ಟರು ಆಟಿಸಂ ಎಂದಿದ್ದರು. ಅವಳಿಗೆ ಮಾತು ಬರುವುದಿಲ್ಲವೆಂದಲ್ಲ. ತನ್ನದೇ ಮಾತು ಕಡಿಮೆ, ಕೇಳಿದ್ದನ್ನು ಒಪ್ಪಿಸುವುದು ಹೆಚ್ಚು. ಹೇಳಿದವರ ದನಿ, ಎಳೆತ, ನಡುವೆ ಬಂದ ಕೆಮ್ಮು ಎಲ್ಲವೂ ಅದರಲ್ಲಿ ಇರುತ್ತಿತ್ತು. ಟಿವಿಯ ಸಾಬೂನಿನ ಜಾಹೀರಾತನ್ನು ಆರು ತಿಂಗಳ ನಂತರವೂ ಒಂದಕ್ಷರ ತಪ್ಪದೆ ಹೇಳುತ್ತಿದ್ದಳು. ಇನ್ನು, ತಿರುಗುವುದೆಲ್ಲ ಅವಳಿಗೆ ಇಷ್ಟ. ಫ್ಯಾನು, ಗ್ರೈಂಡರು, ಸೈಕಲ್ ಚಕ್ರ. ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯಲ್ಲಿ ಕಬ್ಬಿನ ಹಾಲಿನ ಗಾಡಿಯ ಮುಂದೆ ನಿಂತರೆ, ಗಾಡಿಯವನು ಕಬ್ಬು ಹಾಕುವುದನ್ನು ನಿಲ್ಲಿಸುವ ತನಕ ಕದಲುತ್ತಿರಲಿಲ್ಲ. ಎರಡೂ ಕೈಗಳನ್ನು ಪಟಪಟನೆ ಬಡಿಯುತ್ತ, ಗಂಟಲಲ್ಲೇ ಒಂದು ಗುಂಯ್ ಎನ್ನುವ ಸದ್ದು ಮಾಡುತ್ತ ನಿಲ್ಲುವಳು. ಅವಳನ್ನು ರಿಚರ್ಡ್ಸ್ ಟೌನಿನ ಥೆರಪಿ ಸೆಂಟರಿಗೆ ವಾರಕ್ಕೆ ಮೂರು ದಿನ ಕರೆದುಕೊಂಡು ಹೋಗುತ್ತಿದ್ದವಳು ನನ್ನ ಹೆಂಡತಿ. ಐದು ವರ್ಷದಲ್ಲಿ ನಾನು ಅಲ್ಲಿಗೆ ಹೋದದ್ದು ಒಂದು ಸಲ. ಅದೂ ಗೇಟಿನವರೆಗೆ.

ನಮ್ಮ ಕಡೆಯವರೆಲ್ಲ ಕೆ.ಆರ್. ಪುರದ ಸುತ್ತಮುತ್ತ ಇದ್ದಾರೆ. ನಮ್ಮಜ್ಜನ ಕಾಲಕ್ಕೆ ರಾಗಿ ಬೆಳೆದ ಹೊಲಗಳಲ್ಲಿ ಈಗ ಅಪಾರ್ಟ್‌ಮೆಂಟುಗಳಿವೆ. ಮದುವೆ, ಗೃಹಪ್ರವೇಶ ಎಂದು ತಿಂಗಳಿಗೊಂದು ಕರೆ ಬರುತ್ತಿತ್ತು. ಮಗುವಿಗೆ ಜ್ವರ ಎಂದು ಹೇಳಿ ನಾನೊಬ್ಬನೇ ಹೋಗಿ ಉಂಡು ಬರುತ್ತಿದ್ದೆ. ವರ್ಷಕ್ಕೆ ಎಷ್ಟು ಸಲ ಜ್ವರ ಬರುತ್ತೆ ಎಂದು ಹೆಂಡತಿ ಒಮ್ಮೆ ಕೇಳಿದ್ದಳು. 

ಥೀಮ್ ಪಾರ್ಕಿಗೆ ಹೋಗುವ ಯೋಚನೆ ಹೆಂಡತಿಯದೇ. ಯಾವುದೋ ಪಾರ್ಕಿನ ವಿಡಿಯೊ ಅವಳ ಫೋನಿಗೆ ಬಂದಿತ್ತು. ಅದರಲ್ಲಿ ಬಣ್ಣ ಬಳಿದ ಕುದುರೆಗಳು ಏರುತ್ತ ಇಳಿಯುತ್ತ ಗುಂಡಗೆ ಸುತ್ತುವ ಒಂದು ಮೆರ್ರಿ-ಗೋ-ರೌಂಡ್ ಇತ್ತು. ಮಗಳು ಅದನ್ನು ಎಷ್ಟು ಸಲ ನೋಡಿದಳೋ ಲೆಕ್ಕವಿಲ್ಲ. ಊಟ ಬಿಟ್ಟು ನೋಡಿದಳು. ಒಂದು ಸಲ ಎದುರಿಗೇ ತೋರಿಸಿಕೊಂಡು ಬರೋಣ, ಹತ್ತಿಸುವುದೇನೂ ಬೇಡ, ನೋಡಲಿ ಸಾಕು ಎಂದಳು ಹೆಂಡತಿ. ನಾನು ಒಪ್ಪಿದೆ. ಆದರೆ ವಾರದ ನಡುವೆ ಹೋಗೋಣ, ರಶ್ ಇರಲ್ಲ ಎಂದೆ. ನಿಜ ಹೇಳಬೇಕೆಂದರೆ ನಾನು ತಪ್ಪಿಸಿಕೊಳ್ಳಬೇಕಾಗಿದ್ದದ್ದು ಗುರುತಿನವರಿಂದ. ಆಫೀಸಿಗೆ ಫೋನು ಮಾಡಿ ಮೈ ಸುಡುತ್ತಿದೆ ಎಂದು ರಜೆ ಹಾಕಿದೆ.

ಇಂದಿರಾನಗರದಲ್ಲಿ ಮೆಟ್ರೋ ಹತ್ತಿದೆವು. ಮಗಳಿಗೆ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಮುಂದಿನ ನಿಲ್ದಾಣ ಹಲಸೂರು ಎಂದು ಮೇಲಿನಿಂದ ಹೆಣ್ಣುದನಿ ಹೇಳಿತು, ಅದೇ ದನಿಯಲ್ಲಿ ಮಗಳೂ ಹೇಳಿದಳು. ಬಾಗಿಲುಗಳು ಯಾವ ಕಡೆ ತೆರೆಯುತ್ತವೆ ಎನ್ನುವುದನ್ನೂ ಹೇಳಿದಳು. ಎದುರು ಕೂತಿದ್ದ ಇಬ್ಬರು ಹುಡುಗಿಯರು ತಿರುಗಿ ನೋಡಿ ನಕ್ಕರು. ಅದು ಕೆಟ್ಟ ನಗುವಾಗಿರಲಿಲ್ಲ. ಆದರೂ ನಾನು ಎದ್ದು ಬಾಗಿಲ ಹತ್ತಿರ ಹೋಗಿ, ಫೋನು ತೆಗೆದು, ಒಬ್ಬನೇ ಪ್ರಯಾಣ ಮಾಡುವವನ ಹಾಗೆ ನಿಂತೆ. ಕೊನೆಯ ನಿಲ್ದಾಣ ಬರುವ ತನಕ ಹಾಗೆಯೇ ನಿಂತಿದ್ದೆ.

ಅಲ್ಲಿಂದ ಆಟೋದಲ್ಲಿ ಪಾರ್ಕಿಗೆ ಹೋದೆವು. ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲವೆಂದು ಮೊಸರನ್ನದ ಡಬ್ಬಿಯನ್ನು ಗೇಟಿನಲ್ಲೇ ಇಟ್ಟುಕೊಂಡರು. ಮಗಳು ಮಧ್ಯಾಹ್ನ ತಿನ್ನುವುದು ಮೊಸರನ್ನ ಒಂದೇ. ಡಾಕ್ಟರ ಚೀಟಿ ತೋರಿಸಿದರೆ ಊಟದ ಹೊತ್ತಿಗೆ ಕೊಡುತ್ತೇವೆ ಎಂದರು. ಸೌಜನ್ಯದಿಂದಲೇ ಹೇಳಿದರು.

ಕುದುರೆಗಳು ಕಂಡದ್ದೇ ಮಗಳು ಓಡಿದಳು. ಕಂಬಿಗೆ ಹೊಟ್ಟೆ ಒತ್ತಿ ನಿಂತು ಕೈ ಬಡಿಯತೊಡಗಿದಳು. ಅವಳ ಕಿವಿಯ ಮೇಲೆ ದಪ್ಪ ನೀಲಿ ಹೆಡ್‌ಫೋನ್ ಇತ್ತು. ಅದರಲ್ಲಿ ಹಾಡು ಬರುವುದಿಲ್ಲ, ಹೊರಗಿನ ಸದ್ದನ್ನು ತಡೆಯುತ್ತದೆ, ಅಷ್ಟೆ. ಒಂದು ಸುತ್ತು ಮುಗಿದು ಕುದುರೆಗಳು ನಿಂತರೆ ಅವಳೂ ನಿಲ್ಲುವಳು, ಮತ್ತೆ ಹೊರಟರೆ ಮತ್ತೆ ಕೈ ಬಡಿಯುವಳು. ಸುಮಾರು ಒಂದು ಗಂಟೆ ಹೀಗೇ ಕಳೆಯಿತು. ಅವಳಷ್ಟು ಸುಖವಾಗಿದ್ದವರು ಅವತ್ತು ಆ ಪಾರ್ಕಿನಲ್ಲಿ ಇನ್ನೊಬ್ಬರಿರಲಿಲ್ಲ. ಇದು ನನಗೆ ಈಗ ಅನ್ನಿಸುವುದು. ಆಗ ನಾನು ಅವಳ ಮುಖ ನೋಡಲಿಲ್ಲ, ಅವಳನ್ನು ನೋಡುತ್ತಿದ್ದವರ ಮುಖಗಳನ್ನು ನೋಡುತ್ತಿದ್ದೆ.

ಹನ್ನೆರಡೂವರೆಯ ಹೊತ್ತಿಗೆ ಹೆಂಡತಿ ಡಬ್ಬಿ ತರಲು ಹೊರಟಳು. ಹೊರಡುವಾಗ ಎರಡು ಮಾತು ಹೇಳಿದಳು.

"ಅವಳ ಪಾಡಿಗೆ ನೋಡ್ಕೊಂಡಿರ್ಲಿ, ಹತ್ತಿಸೋಕೆ ಹೋಗ್ಬೇಡಿ. ಕಿವೀದು ತೆಗೀಬೇಡಿ."

ನಾನು ಎರಡನ್ನೂ ಮಾಡಿದೆ. ಕಾರಣ ಹೇಳಿದರೆ ಇನ್ನೂ ಸಣ್ಣವನಾಗುತ್ತೇನೆ. ಆಫೀಸಿನಲ್ಲಿ ಎಲ್ಲರ ಫೋನಿನಲ್ಲೂ ಮಕ್ಕಳ ಫೋಟೊಗಳಿರುತ್ತವೆ. ನಿಮ್ಮ ಮಗಳದ್ದು ತೋರಿಸಿ ಎಂದಾಗೆಲ್ಲ ನಾನು ಫೋನು ಕೆಟ್ಟಿದೆ, ಮೆಮೊರಿ ಅಳಿಸಿಹೋಗಿದೆ ಎನ್ನುತ್ತಿದ್ದೆ. ಕುದುರೆಯ ಮೇಲೆ ಕೂತಿರುವ, ಕಿವಿಯ ಮೇಲೆ ಏನೂ ಇಲ್ಲದ, ಬೇರೆ ಮಕ್ಕಳ ನಡುವೆ ಬೇರೆ ಮಕ್ಕಳಂತೆಯೇ ಕಾಣುವ ಒಂದೇ ಒಂದು ಫೋಟೊ ನನಗೆ ಬೇಕಿತ್ತು. ಅದು ಸಿಕ್ಕರೆ ಎರಡನೇ ಕ್ಲಾಸಿನ ಮಗಳಿಗೆ ಒಂದು ಮುಖ ಸಿಗುತ್ತಿತ್ತು.

ಕೈ ಹಿಡಿದು ಸಾಲಿಗೆ ಎಳೆದುಕೊಂಡು ಹೋದೆ. ಕುದುರೆಗಳ ಹತ್ತಿರ ಹೋಗುತ್ತಿದ್ದೇವೆಂದು ಅವಳು ಮೊದಲು ಖುಷಿಯಿಂದಲೇ ಬಂದಳು. ಆದರೆ ಸಾಲಿನಲ್ಲಿ ನಿಂತರೆ ಮುಂದಿನವರ ಬೆನ್ನು ಅಡ್ಡ, ತಿರುಗುವುದು ಕಾಣಿಸದು. ಅವಳು ಬಗ್ಗಿದಳು, ಪಕ್ಕಕ್ಕೆ ಎಳೆದಳು. ನಾನು ಬಿಡಲಿಲ್ಲ. ನಮ್ಮ ಸರದಿ ಬಂದಾಗ ಹೆಡ್‌ಫೋನ್ ತೆಗೆದು ಚೀಲಕ್ಕೆ ಹಾಕಿಕೊಂಡೆ. ಅದೇ ಹೊತ್ತಿಗೆ ತಲೆಯ ಮೇಲಿದ್ದ ಹಾರ್ನ್ ಮೊಳಗಿತು.

ಅವಳು ಕಿವಿ ಮುಚ್ಚಿಕೊಂಡು ನೆಲಕ್ಕೆ ಬಿದ್ದಳು. ಕಿರುಚಿದಳು. ಮುಂಗೈ ಕಚ್ಚಿಕೊಂಡಳು. ಹೇಗೋ ಸಾಲಿನಿಂದ ಹೊರಗೆ ಎಳೆದು ತಂದೆ. ಬಿಸಿಲಿಗೆ ಕಾದಿದ್ದ ಕಾಂಕ್ರೀಟಿನ ಮೇಲೆ ಅವಳು ಹಿಮ್ಮಡಿ ಬಡಿಯುತ್ತ ಹೊರಳಾಡಿದಳು. ಸುತ್ತ ಜನ ಸೇರಿದರು. ಎರಡು ಬಿಟ್ಟರೆ ಸರಿಹೋಗುತ್ತೆ ಎಂದು ಒಬ್ಬ ಹೆಂಗಸು ಯಾರಿಗೋ ಹೇಳಿದಳು. ನಾನು ಹಿಂದಕ್ಕೆ ಸರಿದೆ. ಒಂದು ಹೆಜ್ಜೆ, ಆಮೇಲೆ ಇನ್ನೊಂದು. ಬೇಕೆಂದು ಸರಿದೆನೋ, ತಾನಾಗಿ ಆಯಿತೋ ಹೇಳಲಾರೆ. ನಾಲ್ಕು ಹೆಜ್ಜೆ ದೂರದಲ್ಲಿ, ಸೇರಿದ್ದ ಜನರ ಸಾಲಿನಲ್ಲೇ ನಾನೂ ನಿಂತಿದ್ದೆ.

ಆಗ ಯಾರೋ ನನ್ನ ಭುಜ ಮುಟ್ಟಿದರು. ತಿರುಗಿದರೆ ನಮ್ಮ ಸೆಕ್ಷನ್ನಿನ ಹಿರಿಯರು. ರಿಟೈರಾಗಲು ಇನ್ನೆರಡು ವರ್ಷವಿದ್ದ, ಹೆಚ್ಚು ಮಾತಾಡದ ಮನುಷ್ಯ. ಇಬ್ಬರು ಮೊಮ್ಮಕ್ಕಳ ಕೈ ಹಿಡಿದುಕೊಂಡಿದ್ದರು.

"ಜ್ವರ ಅಂದ್ರಿ," ಎಂದರು.

"ಬೆಳಿಗ್ಗೆ ಇಳೀತು ಸಾರ್."

ಅವರು ನೆಲದ ಕಡೆ ನೋಡಿದರು. ನನ್ನ ಚೀಲದಿಂದ ಇಣುಕುತ್ತಿದ್ದ ನೀಲಿ ಹೆಡ್‌ಫೋನನ್ನೂ ನೋಡಿದರು. ನಿಮ್ಮ ಜೊತೆ ಬಂದ ಮಗುವಾ ಎಂದು ಕೇಳಿದರು. ಅದಕ್ಕೆ ಹೌದು ಎಂದಷ್ಟೇ ಹೇಳಿದ್ದರೂ ಸಾಕಿತ್ತು. ನಾನು ಸಣ್ಣಗೆ ನಕ್ಕೆ.

"ನಮ್ ಬಾಮೈದನ ಮಗಳು ಸಾರ್. ನಮ್ಮೋಳು ಸ್ಕೂಲಿಗೆ ಹೋಗಿದಾಳೆ."

 ಹಿರಿಯರು ಮೊಮ್ಮಕ್ಕಳನ್ನು ನೆರಳಿನ ಬೆಂಚಿನಲ್ಲಿ ಕೂರಿಸಿ ಬಂದರು. ತಮ್ಮ ನೆರಳು ಮಗಳ ಮುಖದ ಮೇಲೆ ಬೀಳುವ ಹಾಗೆ ನಿಂತರು. ಕರವಸ್ತ್ರವನ್ನು ನೀರಿನಲ್ಲಿ ಒದ್ದೆ ಮಾಡಿ ನನ್ನ ಕೈಗೆ ಕೊಟ್ಟು, ತಲೆಯ ಕೆಳಗೆ ಇಡಿ, ನೆಲ ಸುಡುತ್ತೆ ಎಂದರು. ಸುತ್ತ ನಿಂತಿದ್ದವರಿಗೆ ಕೈಸನ್ನೆ ಮಾಡಿ ಹೋಗಲು ಹೇಳಿದರು. ಇದೆಲ್ಲ ನಾನು ಮಾಡಬೇಕಾಗಿದ್ದ ಕೆಲಸ. ನಾನು ಕರವಸ್ತ್ರವನ್ನು ಅವಳ ತಲೆಯ ಹತ್ತಿರ ಇಟ್ಟು ಮತ್ತೆ ಹಿಂದೆ ಬಂದು ನಿಂತೆ.

ಹೆಂಡತಿ ಅಷ್ಟು ದೂರದಿಂದಲೇ ಕಿರುಚು ಕೇಳಿಸಿಕೊಂಡು ಓಡಿ ಬಂದಳು. ಡಬ್ಬಿಯನ್ನು ನೆಲದಲ್ಲಿಟ್ಟು, ನನ್ನ ಚೀಲದಿಂದ ಹೆಡ್‌ಫೋನ್ ಕಿತ್ತುಕೊಂಡು ಮಗಳ ಕಿವಿಗೆ ಹಾಕಿದಳು. ಪಕ್ಕದಲ್ಲಿ ಕೂತು, ಅವಳ ಬೆನ್ನನ್ನು ತನ್ನ ಎದೆಗೆ ಒತ್ತಿ ಬಿಗಿಯಾಗಿ ಹಿಡಿದು, ಮೆಲ್ಲಗೆ ಒಂದು ಎರಡು ಎಣಿಸತೊಡಗಿದಳು. ನೂರು ದಾಟಿದ ಮೇಲೆ ಕಿರುಚು ಅಳುವಾಯಿತು. ಆಮೇಲೆ ಬಿಕ್ಕುವುದಷ್ಟೇ ಉಳಿಯಿತು.

ಹಿರಿಯರು ಬಗ್ಗಿ ಕೇಳಿದರು.

"ನಿಮ್ ತಮ್ಮನ ಮಗಳಂತೆ ಅಲ್ವೇನಮ್ಮಾ?"

ಅವಳು ತಲೆಯೆತ್ತಿ ನನ್ನನ್ನು ನೋಡಿದಳು. ಅವಳು ನನ್ನನ್ನು ಬೈಯಬಹುದಾಗಿತ್ತು, ಅಲ್ಲ ಎನ್ನಬಹುದಾಗಿತ್ತು. ನನ್ನ ಮುಖದಲ್ಲಿ ಏನು ಕಂಡಳೋ ಗೊತ್ತಿಲ್ಲ.

"ಹೂಂ ಸಾರ್," ಎಂದಳು. "ತಮ್ಮನ ಮಗಳು."

ಹಾಗೆ ಹೇಳುವಾಗಲೂ ಮಗಳನ್ನು ಹಿಡಿದ ಕೈ ಸಡಿಲ ಮಾಡಲಿಲ್ಲ. ಹಿರಿಯರು ತಲೆಯಾಡಿಸಿ ಮೊಮ್ಮಕ್ಕಳ ಕಡೆ ಹೋದರು.

ಆಮೇಲೆ ಹೆಂಡತಿ ಮಗಳನ್ನು ಮತ್ತೆ ಕಂಬಿಯ ಹತ್ತಿರ ಕರೆದುಕೊಂಡು ಹೋಗಿ, ಕುದುರೆಗಳನ್ನು ತೋರಿಸುತ್ತಲೇ ಮೊಸರನ್ನ ತಿನ್ನಿಸಿದಳು. ಮುಂಗೈ ಮೇಲೆ ಹಲ್ಲಿನ ಗುರುತು ಕೆಂಪಗೆ ಊದಿತ್ತು. ಸಂಜೆ ನಾಲ್ಕರವರೆಗೂ ಅವರು ಅಲ್ಲೇ ಇದ್ದರು. ನಾನು ಒಂದು ಬೆಂಚಿನಲ್ಲಿ ಕೂತಿದ್ದೆ. ಹೋಗೋಣವೇ ಎಂದು ಕೇಳುವ ಧೈರ್ಯವೂ ಇರಲಿಲ್ಲ. ವಾಪಸು ಬರುವಾಗ ಮೆಟ್ರೋದಲ್ಲಿ ಮಗಳು ತಾಯಿಯ ತೊಡೆಯ ಮೇಲೆ ತಲೆಯಿಟ್ಟು ಮಲಗಿದಳು. ಹೆಂಡತಿ ಅಂದು ನನ್ನ ಜೊತೆ ಒಂದು ಮಾತೂ ಆಡಲಿಲ್ಲ. ಮರುದಿನ ಹಾಲು, ತರಕಾರಿ, ಗ್ಯಾಸಿನ ವಿಷಯ ಮಾತಾಡಿದಳು. ಅದು ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಹಾಗೆ ಅಂದುಕೊಳ್ಳುವುದು ನನಗೆ ಅನುಕೂಲವಾಗಿತ್ತು.

ನಾಲ್ಕು ದಿನ ಕಳೆದಿತ್ತು. ಬೆಳಿಗ್ಗೆ ನಾನು ಶೇವ್ ಮಾಡಿಕೊಳ್ಳುತ್ತಿದ್ದೆ. ಹೆಂಡತಿ ಹುರುಳಿಕಾಯಿ ಹೆಚ್ಚುತ್ತಿದ್ದಳು. ಮಗಳು ಚಾಪೆಯ ಮೇಲೆ ಮಲಗಿ ಫ್ಯಾನು ನೋಡುತ್ತಿದ್ದಳು. ಇದ್ದಕ್ಕಿದ್ದಂತೆ ಸಣ್ಣಗೆ ನಕ್ಕಳು. ಅವಳ ನಗುವಲ್ಲ ಅದು, ನನ್ನದು.

"ನಮ್ ಬಾಮೈದನ ಮಗಳು ಸಾರ್. ನಮ್ಮೋಳು ಸ್ಕೂಲಿಗೆ ಹೋಗಿದಾಳೆ."

ನನ್ನ ದನಿ, ನನ್ನ ಎಳೆತ. ಸಾರ್ ಎನ್ನುವಾಗ ನಾನು ದನಿ ತಗ್ಗಿಸುವ ರೀತಿಯೂ ಅದರಲ್ಲಿತ್ತು. ನೆಲದ ಮೇಲೆ ಹೊರಳುತ್ತ, ಕಿವಿ ಮುಚ್ಚಿಕೊಂಡು ಕಿರುಚುತ್ತಿದ್ದಾಗ ಅವಳಿಗೆ ಏನೂ ಕೇಳಿಸುತ್ತಿಲ್ಲ ಎಂದು ನಾನು ತಿಳಿದಿದ್ದೆ. ಈಳಿಗೆಯ ಮೇಲೆ ಹೆಂಡತಿಯ ಕೈ ಒಂದು ಕ್ಷಣ ನಿಂತಿತು. ಎರಡನೇ ವಾಕ್ಯ ಅವಳಿಗೆ ಹೊಸದು. ಸ್ಕೂಲಿಗೆ ಹೋಗಿರುವ ಮಗಳ ವಿಷಯ ಅವಳಿಗೆ ಆವರೆಗೆ ಗೊತ್ತಿರಲಿಲ್ಲ. ಮತ್ತೆ ಹೆಚ್ಚತೊಡಗಿದಳು.

ಮಗಳು ದಿನಕ್ಕೆ ಹತ್ತು ಸಲ, ಇಪ್ಪತ್ತು ಸಲ ಅದನ್ನೇ ಹೇಳಿದಳು. ಸ್ನಾನ ಮಾಡುವಾಗ ಹೇಳಿದಳು, ಮೆಟ್ಟಿಲ ಮೇಲೆ ಹೇಳಿದಳು. ನಾನು ಟಿವಿ ಜೋರು ಮಾಡುತ್ತಿದ್ದೆ. ಭಾನುವಾರ ಕಮ್ಮನಹಳ್ಳಿಯಿಂದ ಬಾಮೈದನೇ ಬಂದ. ಅವನಿಗಿನ್ನೂ ಮದುವೆಯಾಗಿರಲಿಲ್ಲ, ನಮ್ಮ ಮಗಳೆಂದರೆ ಪ್ರಾಣ. ಅವನ ಎದುರಿಗೂ ಹೇಳಿದಳು. ಅವನು ನಕ್ಕು ಅವಳ ಪಕ್ಕ ಚಾಪೆಯಲ್ಲೇ ಕೂತ.

"ನನ್ ಮಗಳೇ ಕಣಮ್ಮ ನೀನು, ಸುಳ್ಳೇನಿಲ್ಲ," ಎಂದ. ನನ್ನ ಕಡೆ ತಿರುಗಿ, "ಎಲ್ಲಿ ಕಲಿತ್ಲು ಭಾವ ಇದನ್ನ?" ಎಂದ.

"ಯಾವ್ದೋ ಸೀರಿಯಲ್ ಇರ್ಬೇಕು," ಎಂದೆ.

ಹೆಂಡತಿ ಎದ್ದು ಅಡಿಗೆಮನೆಗೆ ಹೋದಳು. ನನಗೆ ಆ ಮನೆಯಲ್ಲಿ ಕೂರಲು ಜಾಗವಿಲ್ಲ ಎನ್ನಿಸಿತು. ಪಾರ್ಕಿನಲ್ಲಿ ಹೇಳಿದ್ದು ಗಾಬರಿಯ ಸುಳ್ಳು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ಈಗ ಹೇಳಿದ್ದರಲ್ಲಿ ಗಾಬರಿ ಏನೂ ಇರಲಿಲ್ಲ. ನನ್ನ ಮಾತನ್ನು ಯಥಾವತ್ತಾಗಿ ಹೇಳಿದ ಮಗುವಿನ ಎದುರಿಗೇ, ಚಾಪೆಯಿಂದ ಎರಡು ಮೊಳ ದೂರದಲ್ಲಿ ಕೂತು, ನಿಧಾನವಾಗಿ ಹೇಳಿದ್ದೆ.

ಸೋಮವಾರ ಮಧ್ಯಾಹ್ನ ಹಿರಿಯರನ್ನು ಆಫೀಸಿನ ಹಿಂದಿನ ಟೀ ಅಂಗಡಿಗೆ ಕರೆದೆ. ಅಂಗಡಿಯವನು ಅವರ ಜೊತೆ ತಮಿಳಿನಲ್ಲಿ, ನನ್ನ ಜೊತೆ ಕನ್ನಡದಲ್ಲಿ ಮಾತಾಡುತ್ತ ಟೀ ಕೊಟ್ಟು ಹೋದ. ಎಲ್ಲ ಹೇಳಿದೆ. ಎರಡನೇ ಕ್ಲಾಸು, ಭರತನಾಟ್ಯ, ಕೆಟ್ಟ ಫೋನು. ಪಾರ್ಕಿನ ವಿಷಯಕ್ಕೆ ಬಂದಾಗ ಅವರು ಕೈ ಅಡ್ಡ ಹಿಡಿದರು.

"ಅದು ಗೊತ್ತಿತ್ತು ಬಿಡ್ರಿ."

ನಾನು ಅವರ ಮುಖ ನೋಡಿದೆ.

"ಬೇರೆಯವರ ಮಗು ಆಗಿದ್ರೆ ಎತ್ಕೊಂಡಿರ್ತಿದ್ರಿ," ಎಂದರು. "ಅಷ್ಟು ದೂರ ನಿಲ್ತಿರ್ಲಿಲ್ಲ. ಆಮೇಲೆ ನಿಮ್ಮ ಮನೆಯವರು ಹೂಂ ಅಂದಾಗ ಅವರ ಮುಖ ನೋಡ್ದೆ. ಕೇಳ್ಬಾರ್ದಿತ್ತು ಅನ್ನಿಸ್ತು."

ಅವರು ಸಮಾಧಾನ ಹೇಳುತ್ತಾರೆಂದು ಕಾದೆ. ಯಾರಿಗೂ ಆಗುತ್ತೆ, ಪರವಾಗಿಲ್ಲ ಎನ್ನಲಿ ಎಂದು ಆಸೆಪಟ್ಟೆ. ಅವರು ಹಾಗೆ ಅನ್ನಲಿಲ್ಲ. ಟೀ ಮುಗಿಸಿ, ಮನೆಯಲ್ಲಿ ಈ ಮಾತು ಆಡಿದ್ದೀರಾ ಎಂದು ಮಾತ್ರ ಕೇಳಿದರು. ಇಲ್ಲ ಎಂದೆ. ಮೊದಲು ಆಡಬೇಕಾದ್ದು ಅಲ್ಲಿ ಎಂದು ಎದ್ದರು.

ಅಂದು ಸಂಜೆ ಮಗಳು ಬಟ್ಟೆ ಒಗೆಯುವ ಮಷೀನಿನ ಮುಂದೆ ಕೂತಿದ್ದಾಗ ಹೆಂಡತಿಗೆ ಎಲ್ಲ ಹೇಳಿದೆ. ಆಫೀಸಿನ ಮಗಳ ವಿಷಯ ಪೂರ್ತಿ ಹೇಳಿದೆ. ಅವಳು ಒಣಗಿದ ಬಟ್ಟೆ ಮಡಿಸುತ್ತ ಕೇಳಿದಳು. ಆ ಹುಡುಗಿಗೆ ಏನು ಹೆಸರಿಟ್ಟಿದ್ದಿರಿ ಎಂದು ಒಮ್ಮೆ ಕೇಳಿದಳು. ಇದೇ ಹೆಸರು ಎಂದೆ. ಅದಕ್ಕೆ ಅವಳ ಕೈ ನಿಂತಿತು. ಕ್ಷಮಿಸು ಎನ್ನಲು ಬಾಯಿ ತೆರೆದೆ. ಅವಳು ನನ್ನನ್ನು ತಡೆದಳು.

"ನೀವು ಹೇಳಿದ್ದು ಬಿಡಿ. ನೀವು ಹಂಗೇ ಅಂತ ನಂಗೆ ಗೊತ್ತಿತ್ತು. ನಾನು ಯಾಕೆ ಹೂಂ ಅಂದೆ? ಅವಳನ್ನ ತೋಳಲ್ಲಿ ಇಟ್ಕೊಂಡು ಹೂಂ ಅಂದ್ಬಿಟ್ಟೆ. ಅದೇ ನಂಗೆ ನಿದ್ದೆ ಕೊಡ್ತಿಲ್ಲ."

 ನನ್ನ ನಾಚಿಕೆ ನನ್ನದು, ಹೊತ್ತುಕೊಳ್ಳಬಲ್ಲೆ. ಆದರೆ ಐದು ವರ್ಷ ಮಗಳನ್ನು ಹೆಗಲಿಗೆ ಹಾಕಿಕೊಂಡು ತಿರುಗಿದವಳ ಮೇಲೂ ಅದನ್ನು ಹೇರಿದ್ದೆ. ಅದೂ ಒಂದೇ ಕ್ಷಣದಲ್ಲಿ, ಅವಳನ್ನು ಕೇಳದೆಯೇ.

ಆಫೀಸಿನವರಿಗೆ ಒಬ್ಬೊಬ್ಬರಿಗೇ ಹೇಳಿದೆ. ಹೇಳಿದರೆ ಮನಸ್ಸು ಹಗುರಾಗುತ್ತದೆ ಎನ್ನುತ್ತಾರಲ್ಲ, ಹಾಗೇನೂ ಆಗಲಿಲ್ಲ. ಹಾಗಾದರೆ ಭರತನಾಟ್ಯ ಎಂದು ಒಬ್ಬರು ಅರ್ಧಕ್ಕೆ ನಿಲ್ಲಿಸಿದರು. ಭರತನಾಟ್ಯ ಇರಲಿಲ್ಲ ಎಂದೆ.  ಕೆಲವು ದಿನ ಊಟದ ಹೊತ್ತಿಗೆ ನಾನು ಬಂದರೆ ಮಕ್ಕಳ ಮಾತು ನಿಲ್ಲುತ್ತಿತ್ತು. ಅವರು ನನ್ನ ಮಗಳಿಗಾಗಿ ಮರುಗಿ ನಿಲ್ಲಿಸಿದರೋ, ನನ್ನ ಮುಖ ನೋಡಲಾರದೆಯೋ, ಕೇಳಲಿಲ್ಲ.

ಆ ಶನಿವಾರ ಮಗಳನ್ನು ರಿಚರ್ಡ್ಸ್ ಟೌನಿಗೆ ನಾನು ಕರೆದುಕೊಂಡು ಹೋಗುತ್ತೇನೆ ಎಂದೆ. ಹೆಂಡತಿ ಬೇಡವೆನ್ನಲಿಲ್ಲ. ಚೀಲದಲ್ಲಿ ಏನೇನಿದೆ, ಯಾವ ತಿರುವಿನಲ್ಲಿ ನಾಯಿ ಇರುತ್ತೆ, ಆಟೋದಲ್ಲಿ ಯಾವ ಕಡೆ ಕೂರಿಸಬೇಕು ಎಂದೆಲ್ಲ ಹೇಳಿ ಕಳಿಸಿದಳು. ಸೆಂಟರು ದೊಡ್ಡ ಮರವಿರುವ ಹಳೇ ಮನೆ. ಜಗಲಿಯಲ್ಲಿ ತಾಯಂದಿರು ಕೂತಿದ್ದರು. ಹಿಜಾಬಿನ ಒಬ್ಬರು ಸರಿದು ಜಾಗ ಮಾಡಿಕೊಟ್ಟರು, ತಾಯಿಗೆ ಹುಷಾರಿಲ್ಲವೇ ಎಂದು ವಿಚಾರಿಸಿದರು. ಅಲ್ಲಿ ಎಲ್ಲರಿಗೂ ನನ್ನ ಹೆಂಡತಿ ಗೊತ್ತು, ಮಗಳು ಗೊತ್ತು. ನಾನು ಮಾತ್ರ ಹೊಸಬ.

ಮಗಳಿಗೆ ಕಲಿಸುವ ಟೀಚರು ಒಂದು ಹಾಳೆ ಕೊಟ್ಟರು. ವರ್ಷಕ್ಕೊಮ್ಮೆ ಮನೆಯವರಿಂದ ಬರೆಸಿಕೊಳ್ಳುವಂಥದ್ದು. ಮಗುವಿಗೆ ಇಷ್ಟವಾದ ತಿಂಡಿ, ಹೆದರುವ ಸದ್ದು, ಬೆಳಿಗ್ಗೆ ಎದ್ದ ಕೂಡಲೇ ಏನು ಮಾಡುತ್ತದೆ. ಮೊಸರನ್ನ ಎಂದು ಬರೆದೆ. ಹಾರ್ನ್ ಎಂದು ಬರೆದೆ. ಬೆಳಿಗ್ಗೆ ಎದ್ದ ಕೂಡಲೇ ಏನು ಮಾಡುತ್ತಾಳೆಂದು ಗೊತ್ತಿರಲಿಲ್ಲ. ಆ ಹೊತ್ತಿಗೆ ನಾನು ಪೇಪರು ಓದುತ್ತಿರುತ್ತೇನೆ. ತಂದೆಯ ಜೊತೆ ಯಾವ ಆಟ ಆಡುತ್ತದೆ ಎನ್ನುವಲ್ಲಿ ಪೆನ್ನು ಹಿಡಿದು ಬಹಳ ಹೊತ್ತು ಕೂತೆ. ಖಾಲಿ ಬಿಟ್ಟು ಹಾಳೆ ವಾಪಸು ಕೊಟ್ಟೆ.

ಟೀಚರು ನೋಡಿದರು. ಅವರಿಗೆ ಆಶ್ಚರ್ಯವಾದಂತೆ ಕಾಣಲಿಲ್ಲ. ಬೇಕಾದರೆ ಒಳಗೆ ಬಂದು ಕೂರಿ ಎಂದರು. ಮಗಳು ನೆಲದ ಮೇಲೆ ಕೂತು ದಾರಕ್ಕೆ ಮಣಿ ಪೋಣಿಸುತ್ತಿದ್ದಳು. ನಾನು ಬಂದದ್ದನ್ನು ನೋಡಿದಳೋ ಇಲ್ಲವೋ, ತಲೆ ಎತ್ತಲಿಲ್ಲ. ಚಪ್ಪಲಿ ಹೊರಗೆ ಬಿಟ್ಟು, ಎಷ್ಟು ಹತ್ತಿರ ಕೂತರೆ ಅವಳಿಗೆ ತೊಂದರೆಯಾಗುವುದಿಲ್ಲವೆಂದು ಟೀಚರನ್ನು ಕೇಳಿದೆ. ಅವರು ತೋರಿಸಿದ ಕಡೆ ಕೂತೆ.